ಬೀಗರ ಹಾಡಿಗೆ ಬಡಿದ ತಟ್ಟೆ

ನನಗಾಗ ಎಪ್ಪತ್ತೊಂದು, ಅದಾಗಿ ಮೂರು ವರ್ಷ. ನನ್ನ ನಾದಿನಿ ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಇಡೀ ಮೇಲೂರಲ್ಲಿ ಅವಳಷ್ಟು ಹೊಲಸು ಬಾಯಿಯ ಹೆಂಗಸು ಇನ್ನೊಬ್ಬಳಿಲ್ಲ. ಜಗಳಕ್ಕಲ್ಲ, ಹಾಡಿಗೆ! ಬೀಗರು ಊಟಕ್ಕೆ ಕೂತಾಗ ಹಾಡು ಹೇಳಿ ಅವರನ್ನ ಹೀಯಾಳಿಸೋದು ನಮ್ಮ ಕಡೆ ಪದ್ಧತಿ. ಬೇರೆಯವರು ಬೀಗರ ಜಿಪುಣತನ ಹಾಡ್ತಾರೆ. ಇವಳು ನೇರ ಪಂಚೆಗೇ ಕೈ ಹಾಕೋಳು. ಒಂದ್ಸಲ ಚಿಂತಾಮಣಿ ಬೀಗರೊಬ್ಬರಿಗೆ ಪಾಯಸ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. "ಹಾಡು ಕೇಳಿ ಅತ್ತೇಬಿಟ್ರು ನೋಡು ಅತ್ತಿಗೆ" ಅಂದಳು!

ನನ್ನ ಮೊಮ್ಮಗಳ ನಿಶ್ಚಿತಾರ್ಥ ಬಂತು. ಗೌರಿಬಿದನೂರಿನ ಗಂಡಿನ ಕಡೆಯವರು ಮೊದಲೇ ಹೇಳಿ ಕಳಿಸಿದ್ರು: ಕೆಟ್ಟ ಪದ ಕಿವಿಗೆ ಬಿದ್ರೆ ಸಂಬಂಧವೇ ಬೇಡ ಅಂತ ಎದ್ದು ಹೋಗ್ತೀವಿ. ಮೊಮ್ಮಗಳು ನಾದಿನಿಯ ಕೈ ಹಿಡ್ಕೊಂಡಳು. "ಚಿಕ್ಕಜ್ಜಿ, ನಂಗೆ ಆ ಹುಡುಗ ಇಷ್ಟ."

"ಒಂದೂ ಕೆಟ್ಟ ಪದ ಬರಲ್ಲ ಹೋಗಮ್ಮ. ಬರೋ ಕಡೆ ತಟ್ಟೆ ಬಡೀತೀನಿ."

ಎಲೆ ಹಾಕಿದ್ದಾಯ್ತು. ಸ್ಟೀಲ್ ತಟ್ಟೆ, ಸೌಟು ಹಿಡಿದು ಶುರು ಮಾಡಿದಳು.

"ಬೀಗಣ್ಣನ ಢಣ್ ಸೌತೇಕಾಯಿ!
ಬೀಗಿತ್ತಿಯ ಢಣ್ ನಂದಿಬೆಟ್ಟ!"

ಅಯ್ಯೋ ಶಿವನೇ! ಪದ ಇದ್ದಿದ್ರೆ ಆ ಒಂದೇ ಪದ. ತಟ್ಟೆ ಬಡಿದ ಮೇಲೆ ಪಂಕ್ತಿಯಲ್ಲಿದ್ದ ಒಬ್ಬೊಬ್ಬರೂ ತಮಗೆ ಗೊತ್ತಿರೋ ಹೊಲಸನ್ನೆಲ್ಲ ಅಲ್ಲಿಗೆ ಬಡಿಸಿಕೊಂಡರು! ಪುರೋಹಿತರು ಕಿವಿ ಮುಚ್ಚಿಕೊಂಡರು. ಅವರಿಗೆ ಕೇಳಿಸಿದ್ದಾದರೂ ಏನು? ಬರೀ ಢಣ್!

ಬೀಗ ಎದ್ದೇಬಿಟ್ಟ. "ನಂದು ಏನು ಸೌತೇಕಾಯಿ? ಹೇಳ್ರಮ್ಮ!"

ನಾದಿನಿ ಎತ್ತಿದ ಸೌಟು ಎತ್ತಿದ ಹಾಗೇ ಹಿಡಿದಿದ್ದಳು. ಮೊಮ್ಮಗಳು ನನ್ನ ಕಡೆ ನೋಡಿದಳು. ನಾನೇ ಸಾರಿನ ಬಕೆಟ್ ಕುಕ್ಕಿ ಕೂಗಿದೆ: "ಮೂಗು ಕಣಪ್ಪ, ಮೂಗು! ಬೀಗಿತ್ತಿಯದು ತುರುಬು! ನಮ್ಮತ್ತೆ ಕಾಲದಿಂದ ಹಾಗೇ ಹಾಡ್ತಾರೆ!"

ಬೀಗ ಮೂಗು ಮುಟ್ಟಿ ನೋಡಿಕೊಂಡ. ಬೀಗಿತ್ತಿ ಸೆರಗು ಬಾಯಿಗಿಟ್ಟು, "ಬರೀ ಮೂಗಾ? ಕೂತ್ಕೊಳ್ರೀ. ನಿಮ್ಮ ತಲೇಲಿ ಏನಿತ್ತು?" ಅಂದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸಂಬಂಧ ಉಳೀತು.

ಪಾತ್ರೆ ತೊಳೆಯುವಾಗ ನಾದಿನಿಯನ್ನ ಹಿಡ್ಕೊಂಡು ಬೈದೆ. "ಮೂಗಲ್ಲಿ ಏನೇ ಕೆಟ್ಟದ್ದು? ಅದಕ್ಯಾಕೆ ತಟ್ಟೆ ಬಡಿದೆ?"

ಅವಳು ಉಜ್ಜಿದ ಸೌಟನ್ನೇ ಉಜ್ಜುತ್ತಿದ್ದಳು. "ಬಾಯಿಗೆ ಬರಲಿಲ್ಲ ಅತ್ತಿಗೆ. ಈಚೆಗೆ ಪದಗಳು ಮರ್ತೋಗ್ತಾ ಇವೆ. ಅವ್ವ ಕಲಿಸಿದ್ದು."

ನಾನು ಆ ಸೌಟು ಇಸ್ಕೊಂಡು ತೊಳೆದಿಟ್ಟೆ.

ಮಾರನೆ ದಿನ ಬೆಳಗ್ಗೆ ಕಾಫಿಗೂ ಮುಂಚೆ ಅವಳನ್ನ ಜಗಲಿಯಲ್ಲಿ ಕೂರಿಸಿ, ಮೊಮ್ಮಗಳ ಹಳೇ ನೋಟ್‌ಬುಕ್ಕಲ್ಲಿ, ನನಗೆ ಬರೋ ನಾಲ್ಕು ಡೊಂಕು ಅಕ್ಷರದಲ್ಲಿ ಹಾಡು ಬರೆಯೋಕೆ ಶುರು ಮಾಡಿದೆ. ಅವಳು ನಿಂತ ಕಡೆ ನಾನು ಹೇಳಿಕೊಟ್ಟೆ. ಹೊಲಸು ಪದ ಒಂದೂ ಬಿಡಲಿಲ್ಲ.