ವಾಲ್ವಣ್ಣ ತಡೆದುಕೊಂಡ ನೀರು

ಈ ಕತೆಯಲ್ಲಿ ಒಂದಕ್ಷರ ಸುಳ್ಳಿದ್ದರೆ, ಕಟ್ಟಿಸಿಕೊಂಡ ಎರಡೂ ಸೇರಿ ನನ್ನ ಬಾಯಲ್ಲಿರುವಷ್ಟು ಹಲ್ಲೂ ಈಗಲೇ ಉದುರಿಹೋಗಲಿ. ಎಲ್ಲ ಶುರುವಾದದ್ದು ಮೂರು ಲೋಟ ನೀರಿನಿಂದ.

ವಾಲ್ವಣ್ಣ ಊರಿಗೆ ನೀರು ಬಿಡುವವನು. ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿಕೊಂಡು ಬೀದಿ ಬೀದಿಯ ವಾಲ್ವ್ ತಿರುಗಿಸುವುದೇ ಇಪ್ಪತ್ತೆಂಟು ವರ್ಷದಿಂದ ಅವನ ಕೆಲಸ. ಅವನು ಮನಸ್ಸು ಮಾಡಿದರೆ ಬೀದಿಗೆ ಬೀದಿಯೇ ಸ್ನಾನ ಮಾಡುತ್ತಿತ್ತು. ಮುನಿಸಿಕೊಂಡರೆ ಮುಖ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಿತ್ತು. ಇಂಥವನಿಗೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಗಂಟು ಬಂತು. ಮೂವತ್ತೈದು ದಿನದ ರೇಡಿಯೇಶನ್ ಬರೆದುಕೊಟ್ಟ ಡಾಕ್ಟರು ಒಂದು ಷರತ್ತು ಹಾಕಿದರು. ದಿನಾ ಬಂದ ಕೂಡಲೇ ಮೂತ್ರಕ್ಕೆ ಹೋಗಿ ಬಂದು, ಮೂರು ಲೋಟ ನೀರು ಕುಡಿದು, ಮುಕ್ಕಾಲು ಗಂಟೆ ತಡೆದುಕೊಂಡಿರಬೇಕು. ಮೂತ್ರಚೀಲ ತುಂಬಿದ್ದರೇನೇ ಕಿರಣ ಬೀಳಬೇಕಾದ ಜಾಗಕ್ಕೆ ಬೀಳುವುದು. ಖಾಲಿಯಿದ್ದರೆ ಮೆಷಿನ್ ಹಚ್ಚುವುದೇ ಇಲ್ಲ.

ಊರಿನ ನೀರನ್ನೇ ತಡೆದವನಿಗೆ ತನ್ನದು ಯಾವ ಮಹಾ ಎಂದುಕೊಂಡಿದ್ದ ವಾಲ್ವಣ್ಣ. ಈ ವಾಲ್ವಿಗೆ ಕೀಲಿ ಇಲ್ಲ ಎಂಬುದು ಎರಡನೇ ದಿನವೇ ಗೊತ್ತಾಯಿತು.

ಇವತ್ತು ಮೂವತ್ತೈದನೆಯ ದಿನ. ಸಂಜೆ ಐದಕ್ಕೆ ಮೆಷಿನ್ ರಿಪೇರಿಯವರ ಕೈಗೆ. ಆಮೇಲೆ ಒಂದು ವಾರ ಬಂದ್. ನಾಳೆ ಬೆಳಿಗ್ಗೆ ಮೊಮ್ಮಗಳನ್ನು ನೋಡಲು ರೈಲು. ಮಗು ಹುಟ್ಟಿ ನಲವತ್ತು ದಿನವಾಗಿತ್ತು, ಅಜ್ಜ ಇದುವರೆಗೆ ಫೋನಿನಲ್ಲಿ ಕಂಡದ್ದು ಅದರ ಮೂಗಿನ ಹೊಳ್ಳೆ ಮಾತ್ರ.

ನಾಲ್ಕು ಗಂಟೆಗೆ ಹೆಂಡತಿಯ ಫೋನು. "ಏನೂಂದ್ರೆ, ಮುಗೀತಾ?"

"ಇನ್ನೂ ಕರ್ದಿಲ್ಲ ಕಣೆ. ಜಾಸ್ತಿ ಮಾತಾಡಿಸ್ಬೇಡ, ನಕ್ಕರೆ ಕಷ್ಟ."

"ನಾನ್ಯಾವಾಗ ನಿಮ್ಮನ್ನ ನಗಿಸಿದ್ದೀನಿ? ಬ್ಯಾಗ್ ಕಟ್ಟಾಯ್ತು. ಇವತ್ತು ಮುಗಿಸ್ದೆ ಬಂದ್ರೆ ನಾನೊಬ್ಳೇ ಹತ್ತೋದು, ನೆನಪಿರ್ಲಿ."

ಎದುರು ಬೆಂಚಿನಲ್ಲಿ ಒಬ್ಬ ಅಜ್ಜಿ ಸ್ವೆಟರ್ ಹೆಣೆಯುತ್ತ ಕೂತಿದ್ದರು. ಅವರ ಚಿಕಿತ್ಸೆ ಮುಗಿದಿತ್ತು, ಕರೆದೊಯ್ಯಲು ಮಗ ಬರಬೇಕಿತ್ತು. ಅವರದು ವಾಲ್ವಣ್ಣ ನಸುಕಿನ ಮೂರು ಗಂಟೆಗೆ ಹತ್ತೇ ನಿಮಿಷ ನೀರು ಬಿಡುವ ಬೀದಿ.

"ಏನಪ್ಪಾ ವಾಲ್ವಣ್ಣ, ತಡೆಯೋಕಾಗ್ತಿಲ್ವಾ?" ಅಂದರು ಅಜ್ಜಿ, ಸೂಜಿಯಿಂದ ಕಣ್ಣೆತ್ತದೆ. "ನಾವು ಹನ್ನೆರಡು ವರ್ಷದಿಂದ ತಡ್ಕೊಂಡಿದ್ದೀವಿ."

ಅಷ್ಟರಲ್ಲಿ ಮೂಲೆಯ ಕುಡಿಯುವ ನೀರಿನ ನಲ್ಲಿ ಶುರು ಮಾಡಿತು. ತೊಟ್. ತೊಟ್. ಒಂದೊಂದು ಹನಿಯೂ ವಾಲ್ವಣ್ಣನ ಹೊಟ್ಟೆಯೊಳಗೇ ಬಿದ್ದ ಹಾಗಾಗುತ್ತಿತ್ತು. ಕಾಲ ಮೇಲೆ ಕಾಲು ಹಾಕಿದ, ತೆಗೆದ, ಮತ್ತೆ ಹಾಕಿದ. ಕೊನೆಗೆ ಎದ್ದು ಹೋಗಿ, ಇಪ್ಪತ್ತೆಂಟು ವರ್ಷದ ಅನುಭವವನ್ನೆಲ್ಲ ಮುಂಗೈಗೆ ತಂದುಕೊಂಡು ನಲ್ಲಿಯನ್ನು ಬಿಗಿ ಮಾಡಿದ.

ನಲ್ಲಿ ಕೈಗೇ ಬಂತು.

ನೀರು ಗೂಳಿಯಂತೆ ನುಗ್ಗಿತು. ವಾಲ್ವಣ್ಣ ಹೆಬ್ಬೆರಳು ಒತ್ತಿ ಹಿಡಿದ. ಹೊರಗಿನದನ್ನು ಕೈಯಲ್ಲಿ, ಒಳಗಿನದನ್ನು ಹಲ್ಲು ಕಚ್ಚಿ ತಡೆದು, ಎರಡು ನೀರಿನ ನಡುವೆ ಗೂಟದಂತೆ ನಿಂತ. ಸರಿಯಾಗಿ ಆಗಲೇ ಒಳಗಿಂದ ಅವನ ನಂಬರ್ ಕೂಗಿದರು.

"ಅಜ್ಜೀ, ವಾಚ್‌ಮನ್‌ನ ಕರೀರಿ! ನೆಲಮಾಳಿಗೇಲಿ ದೊಡ್ಡ ಚಕ್ರ ಇರುತ್ತೆ, ಬಂದ್ ಮಾಡೋಕೆ ಹೇಳಿ!"

ಅಜ್ಜಿ ಇನ್ನೊಂದು ಸಾಲು ಹೆಣೆದರು. "ನಮ್ಮ ಬೀದಿಗೆ ಎಷ್ಟು ಗಂಟೆಗೆ ಬಿಡ್ತೀಯ?"

"ಐದಕ್ಕೆ!"

"ಕೇಳಿಸ್ಲಿಲ್ಲ."

"ಆರಕ್ಕೆ ಅಜ್ಜೀ! ಒಂದು ಗಂಟೆ ಪೂರ್ತಿ! ನನ್ನ ಮೊಮ್ಮಗಳಾಣೆ!"

ಅಜ್ಜಿ ಆಗ ಎದ್ದರು. ವಾಚ್‌ಮನ್ ಇಳಿದು ಹೋದ. ಎರಡು ನಿಮಿಷಕ್ಕೆ ಬೆರಳಡಿಯ ನೀರು ಸತ್ತಿತು. ಮುರಿದ ನಲ್ಲಿಯ ಬಾಯಿಗೆ ಕರ್ಚೀಫು ಸುರುಳಿ ಸುತ್ತಿ ಬಿರಡೆಯಂತೆ ಜಡಿದು, ವಾಲ್ವಣ್ಣ ಮೊಟ್ಟೆ ಹೊತ್ತವನಂತೆ ಹೆಜ್ಜೆ ಅಳೆಯುತ್ತ ಒಳಗೆ ನಡೆದ, ಗೌನು ತೊಟ್ಟ, ಮೇಜಿನ ಮೇಲೆ ಮಲಗಿದ. ಮೆಷಿನ್ ನಡೆಸುವ ಟೆಕ್ನಿಷಿಯನ್ ಹೆಂಗಸು ಸ್ಕ್ಯಾನ್ ನೋಡಿ ಮೈಕಿನಲ್ಲೇ ಚಪ್ಪಾಳೆ ತಟ್ಟಿದಳು.

"ಅಂಕಲ್! ಹೀಗೆ ತುಂಬಿದ ಮೂತ್ರಚೀಲ ನನ್ನ ಸರ್ವಿಸಲ್ಲೇ ನೋಡಿಲ್ಲ!"

ವಾಲ್ವಣ್ಣನಿಗೆ ಶಾಲೆಯಲ್ಲೂ ಯಾರೂ ಹೀಗೆ ಹೊಗಳಿರಲಿಲ್ಲ. ಮೆಷಿನ್ನಿನ ತೋಳು ಗುಂಯ್ ಎಂದು ಒಂದು ಗೇಣು ತಿರುಗಿತು. ನಿಂತಿತು.

"ಅಯ್ಯೋ," ಅಂದಿತು ಮೈಕು. "ಅಂಕಲ್, ಈ ಮೆಷಿನ್ ತಣ್ಣಗಿರೋಕೆ ನೀರು ಹರೀತಾ ಇರ್ಬೇಕು. ಯಾರೋ ಪುಣ್ಯಾತ್ಮರು ಬಿಲ್ಡಿಂಗಿನ ನೀರೇ ನಿಲ್ಲಿಸಿದ್ದಾರೆ."

ಪುಣ್ಯಾತ್ಮ ಮಲಗಿದ್ದಲ್ಲೇ ಬೆವರಿದ. "ಹೋಗಿ ಬಿಡೋಕೆ ಹೇಳಮ್ಮಾ!"

"ಹೇಳ್ದೆ. ವಾಚ್‌ಮನ್ ಬಿಗಿಯಾಗಿ ತಿರುಗಿಸ್ಬಿಟ್ಟಿದ್ದಾನಂತೆ, ಚಕ್ರ ಅಲ್ಲಾಡ್ತಿಲ್ಲ. ನಾಲ್ಕೂವರೆ ಆಯ್ತು, ಇನ್ನು ಬಿಡಿ."

ಬಿಡುವುದೇ? ವಾಲ್ವಣ್ಣ ಗೌನಿನಲ್ಲೇ ಎದ್ದ. ಹಿಂದುಗಡೆಯ ದಾರವನ್ನು ಒಂದು ಕೈಯಲ್ಲಿ ಹಿಡಿದು, ಮಂಡಿ ಎರಡನ್ನೂ ಜೋಡಿಸಿಕೊಂಡೇ ನಲವತ್ತು ಮೆಟ್ಟಿಲು ಇಳಿದ. ಪಂಪಿನ ಕೋಣೆಯಲ್ಲಿ ವಾಚ್‌ಮನ್ ಚಕ್ರಕ್ಕೆ ಜೋತುಬಿದ್ದಿದ್ದ.

"ಜರುಗಯ್ಯಾ," ಅಂದ ವಾಲ್ವಣ್ಣ.

ಚಕ್ರಕ್ಕೆ ಎರಡು ಏಟು ಕೊಟ್ಟ. ಕಾಲು ಅಗಲಿಸಿ ನಿಂತು ಉಸಿರು ಬಿಗಿಹಿಡಿದು ಎಳೆದ. ಅದು ಕಿರ್ರೆಂದು ಕಾಲು ಸುತ್ತು ಬಂತು. ಅರ್ಧ ಸುತ್ತು ಬಂತು. ಪೈಪಿನೊಳಗೆ ನೀರು ಭೋರ್ರೆಂದು ಹೊರಟಿತು. ಇಪ್ಪತ್ತೆಂಟು ವರ್ಷ ಕೇಳಿದ ಸದ್ದು, ಅವನ ಪಾಲಿಗೆ ಲಾಲಿಹಾಡು. ಆ ಸದ್ದಿಗೆ ಮೈಯ ಬಿಗಿಯೆಲ್ಲ ತಾನಾಗಿಯೇ ಸಡಿಲವಾಯಿತು. ಎಲ್ಲವೂ ಅಂದರೆ ಎಲ್ಲವೂ.

ಪಂಪಿನ ಕೋಣೆಯ ನೆಲ ಮೊದಲೇ ಒದ್ದೆಯಾಗಿತ್ತು. ವಾಚ್‌ಮನ್ ಮೆಚ್ಚುಗೆಯಿಂದ ಚಕ್ರವನ್ನೇ ನೋಡುತ್ತಿದ್ದ. ಯಾರಿಗೂ ಏನೂ ಗೊತ್ತಾಗುವಂತಿರಲಿಲ್ಲ. ವಾಲ್ವಣ್ಣ ಬೇರೆ ಗೌನು ತೊಟ್ಟು, ಏನೂ ನಡೆದೇ ಇಲ್ಲವೆಂಬ ಮುಖದಲ್ಲಿ, ನಾಲ್ಕೂ ನಲವತ್ತಕ್ಕೆ ಮತ್ತೆ ಮೇಜಿನ ಮೇಲೆ ಮಲಗಿದ. ಮೆಷಿನ್ ಸಲೀಸಾಗಿ ಸಜ್ಜಾಗಿತ್ತು.

ಸ್ಕ್ಯಾನ್ ಆಯಿತು. ಆಮೇಲೆ ಟೆಕ್ನಿಷಿಯನ್ನೇ ಬಾಗಿಲು ತೆರೆದು ಒಳಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಂಕಲ್, ಎಲ್ಲಿ ಹೋಯ್ತು?"

"ಏನಮ್ಮಾ?"

"ಮೂತ್ರ! ಒಂದು ಚಮಚ ಇಲ್ಲ! ಮತ್ತೆ ನೀರು ಕುಡಿದು ಮುಕ್ಕಾಲು ಗಂಟೆ ಕಾಯೋಕೆ ಟೈಮೆಲ್ಲಿದೆ? ಇನ್ನು ಒಂದು ವಾರ ಆದ್ಮೇಲೇನೇ."

"ನನ್ನ ಮೊಮ್ಮಗಳು... ನೋಡಮ್ಮಾ, ಸುಳ್ಳು ಹೇಳಲ್ಲ, ನಿನ್ನ ಮೆಷಿನ್ನಿಗೋಸ್ಕರಾನೇ ನಾನು ಆ ವಾಲ್ವ್ ಒಂದನ್ನೇ ಬಿಡೋಣ ಅಂತ ಹೋದೋನು, ಆದ್ರೆ ಅದು ಬಿಟ್ಟಿದ್ದೇ ತಡ, ಇನ್ನೊಂದೂ... ಅಮ್ಮಾ, ಪೂರ್ತಿ ಕೇಳಿಸ್ಕೊಂಡು ಹೋಗಮ್ಮಾ, ಅದು ನಾನಾಗಿ ಬಿಟ್ಟಿದ್ದಲ್ಲ, ಅದಾಗೇ—"