ಎರಡು ಇಲಿಗಳಿಗೆ ಕೆಲಸ ಹುಡುಕಿದ್ದು

ಒಂದು ವಿದ್ಯೆಯನ್ನು ಚೆನ್ನಾಗಿ ಕಲಿತವನು ಅದನ್ನು ಎಲ್ಲಿ ಬಳಸಬಾರದು ಎಂಬುದನ್ನೂ ಕಲಿತಿರಬೇಕು. ನಾನು ಅಷ್ಟು ಕಲಿಯಲಿಲ್ಲ. ನನಗೆ ಬರುವ ಒಂದೇ ವಿದ್ಯೆ ಎಂದರೆ ಇಲಿಗಳನ್ನು ದೂರ ಇಡುವುದು. ಧಾರವಾಡದಿಂದ ನಾಗಪುರಕ್ಕೆ ಬಂದು ಸರ್ಕಾರಿ ಧಾನ್ಯದ ಗೋದಾಮಿನಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಗೋಧಿ, ಅಕ್ಕಿಯ ಚೀಲಗಳಿಗೆ ಹುಳ ಹಿಡಿಯದಂತೆ, ಇಲಿ ಮುಟ್ಟದಂತೆ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಗೋಡೆಯ ಬುಡದಲ್ಲಿ ಮಸುಕಾದ ಜಿಡ್ಡಿನ ಗೆರೆ ಕಂಡರೆ ಸಾಕು, ಅಲ್ಲಿ ಇಲಿಗಳ ಓಡಾಟ ಹೊಸದೋ ಹಳೆಯದೋ ಹೇಳಬಲ್ಲೆ. ಮದುವೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ವಧೂವರರ ಕಡೆಗಲ್ಲ, ಉಗ್ರಾಣದ ಬಾಗಿಲ ಸಂದಿಗೆ. ಒಮ್ಮೆ ಅಕ್ಷತೆ ಹಾಕುವ ಹೊತ್ತಿನಲ್ಲಿ ಹುಡುಗಿಯ ತಂದೆಯನ್ನು ಪಕ್ಕಕ್ಕೆ ಕರೆದು, "ನಿಮ್ಮ ಸಕ್ಕರೆ ಚೀಲ ಗೋಡೆಗೆ ಹಚ್ಚಿ ಇಡಬ್ಯಾಡ್ರಿ" ಎಂದಿದ್ದೆ. ಆಮೇಲೆ ನನ್ನ ಹೆಂಡತಿ ಶೈಲಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಇಂಥವನ ಮನೆಗೆ, ಬಜಾಜ್ ನಗರದ ಎರಡನೇ ಮಹಡಿಗೆ, ಕಳೆದ ದಸರೆ ಮುಗಿದ ವಾರ ಮಗಳು ಗೌತಮಿ ಎರಡು ಇಲಿಗಳನ್ನು ಕರೆತಂದಳು. ಅವಳ ಗೆಳತಿಯ ತಂದೆ ವಾಯುಪಡೆಯವರು. ಅವರಿಗೆ ದೂರದ ಊರಿಗೆ ವರ್ಗವಾಗಿ, ಸಾಕಿದ ಇಲಿಗಳನ್ನು ಯಾರಿಗಾದರೂ ಕೊಡಲೇಬೇಕಾಗಿತ್ತಂತೆ. ಬಿಳಿಯದರ ಹೆಸರು ಬರ್ಫಿ. ಕೆಂಪು ಮಿಶ್ರಿತ ಕಂದು ಬಣ್ಣದ್ದು ತರ್ರಿ. ಈ ಊರಲ್ಲಿ ಪೋಹೆ, ಅಂದರೆ ಅವಲಕ್ಕಿಯ ಮೇಲೆ ಸುರಿಯುವ ಖಾರದ ಕೆಂಪು ರಸದ ಹೆಸರು ಅದು. ಎರಡೂ ಹೆಣ್ಣು, ಅಕ್ಕತಂಗಿಯರು.

ಶೈಲಾ ಶಾಲೆಯಲ್ಲಿ ಗಣಿತ ಕಲಿಸುವವಳು. ಪಂಜರದಿಂದ ಮೂರು ಮಾರು ದೂರ ನಿಂತು ಹೇಳಿದಳು: "ನಿಮ್ಮಪ್ಪ ಇಲಿ ಓಡಿಸಿ ಪಗಾರ ತರ್ತಾರ. ನೀ ಅದ ಇಲೀನ್ನ ಮನಿಗೆ ತಂದಿ. ಬರೋಬರ್ ಐತಿ ನಿಮ್ಮಿಬ್ಬರದು! ಅಡಗಿಮನಿ ಹೊಸ್ತಿಲಾ ದಾಟಿದ್ರ ನಾ ಸೀದಾ ಧಾರವಾಡದ ಗಾಡಿ ಹತ್ತತೀನಿ, ನೋಡ್ರಿ ಮತ್ತ."

ಪಂಜರ ಬಾಲ್ಕನಿ ಸೇರಿತು. ಗೌತಮಿ ಹನ್ನೆರಡನೆಯ ತರಗತಿ. ಬೆಳಿಗ್ಗೆ ಆರಕ್ಕೇ ಕೋಚಿಂಗ್ ಕ್ಲಾಸಿಗೆ ಓಡಬೇಕು. ಹೀಗಾಗಿ ಪಂಜರ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬೇಡ ಎನ್ನಲಿಲ್ಲ. ಅದಕ್ಕೊಂದು ಕಾರಣವೂ ಇತ್ತು. ಒಂದು ವರ್ಷದಿಂದ ಮಗಳು ನನ್ನೊಡನೆ ಆಡುತ್ತಿದ್ದ ಮಾತು ದಿನಕ್ಕೆ ನಾಲ್ಕೈದು: "ಹೂಂ", "ಆಮ್ಯಾಲೆ", "ಠೀಕ್ ಐತಿ", "ಬಾಗ್ಲಾ ಹಾಕ್ಕೊಂಡ್ ಹೋಗ್ರಿ". ಇಲಿಗಳ ನೆಪದಲ್ಲಿ ಈ ಪಟ್ಟಿ ಸ್ವಲ್ಪ ಉದ್ದವಾದೀತು ಎಂಬ ಆಸೆ ನನಗೆ.

ಕೆಲಸವನ್ನು ನಾನು ಶ್ರದ್ಧೆಯಿಂದಲೇ ಮಾಡಿದೆ. ಒಂದು ಚೂರು ಕಾಗದ ಉಳಿಸಲಿಲ್ಲ, ಒಂದು ಎಳೆ ನಾರು ಬಿಡಲಿಲ್ಲ. ಅವು ರಾತ್ರಿಯಿಡೀ ಬಟ್ಟಲಿನಿಂದ ಕಾಳು ಹೊತ್ತು ಮೂಲೆಯಲ್ಲಿ ಗುಡ್ಡೆ ಹಾಕಿರುತ್ತಿದ್ದವು; ನಾನು ಬೆಳಿಗ್ಗೆ ಅದನ್ನೆಲ್ಲ ಬಳಿದು ತೆಗೆಯುತ್ತಿದ್ದೆ. ಪಂಜರದ ತಳ ಸ್ಟೀಲ್ ತಟ್ಟೆಯಂತೆ ಹೊಳೆಯುತ್ತಿತ್ತು. ನಮ್ಮ ಮೇಲಧಿಕಾರಿಗಳು ನೋಡಿದ್ದರೆ ನಿಂತಲ್ಲೇ ಬಡ್ತಿ ಕೊಡುತ್ತಿದ್ದರು.

ಮೂರು ವಾರ ಕಳೆಯುವಷ್ಟರಲ್ಲಿ ಬರ್ಫಿ ಕಂಬಿ ಕಡಿಯಲು ಶುರುಮಾಡಿದಳು. ದಿನವಿಡೀ ಅದೇ, ಕರಕರ ಸದ್ದು. ಆಮೇಲೆ ತನ್ನ ಮುಂಗಾಲಿನ ಕೂದಲನ್ನು ತಾನೇ ಕಿತ್ತುಕೊಳ್ಳತೊಡಗಿದಳು. ಅಲ್ಲಿ ನಾಲ್ಕಾಣೆ ಅಗಲದ ಗುಲಾಬಿ ಚರ್ಮ ಕಾಣಿಸಿತು. ಒಂದು ಸಂಜೆ ಗೌತಮಿ ಅದನ್ನು ನೋಡಿ ಬಾಲ್ಕನಿಯಲ್ಲೇ ಕುಳಿತು ಅಳತೊಡಗಿದಳು. "ಅಪ್ಪಾ, ಇಕಿ ಸಾಯ್ತಾಳೇನು?" ಎಂದಳು. ಇಲಿ ಸಾಯುತ್ತದೆಯೇ ಎಂಬ ಪ್ರಶ್ನೆಗೆ ವೃತ್ತಿಯಲ್ಲಿ ಎಷ್ಟೋ ಸಲ ಉತ್ತರ ಕೊಟ್ಟವನು ನಾನು. ಆ ಸಂಜೆ ಮಾತ್ರ ಬರ್ಫಿಯನ್ನು ಒಂದು ಬುಟ್ಟಿಗೆ ಹಾಕಿ ಅವಳ ಕೈಗಿಟ್ಟೆ. ಸ್ಕೂಟರ್ ತೆಗೆದೆ.

ಸದರ್ ಬಡಾವಣೆಯಲ್ಲಿ ಒಬ್ಬರು ಪಶುವೈದ್ಯೆ ಇದ್ದಾರೆ, ವಯಸ್ಸಾದವರು. ಬರ್ಫಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಹಲ್ಲು, ಕಿವಿ, ಚರ್ಮ ಎಲ್ಲ ನೋಡಿದರು. ಹೇನಿಲ್ಲ, ಗಾಯವಿಲ್ಲ. ಕನ್ನಡಕ ತೆಗೆದು ನನ್ನನ್ನೇ ಕೇಳಿದರು: "ದಿನ್ ಭರ್ ಯೇ ಕರ್ತೀ ಕ್ಯಾ ಹೈ?" ದಿನವಿಡೀ ಏನು ಮಾಡುತ್ತಾಳೆ? ಇಲಿ ಏನು ಮಾಡಬೇಕು? "ಕುಛ್ ನಹೀ, ಆರಾಮ್" ಎಂದೆ. ಜೊತೆಗೆ ನನ್ನ ಶುಚಿತ್ವದ ವಿಧಾನವನ್ನೂ ಹೆಮ್ಮೆಯಿಂದ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಹಿಂದಿಯಲ್ಲಿ ಹೇಳಿದ್ದು ಇಷ್ಟು: ಇದಕ್ಕೆ ರೋಗವಿಲ್ಲ, ಬೇಸರ. ಅಗೆಯುವುದು, ಹತ್ತುವುದು, ಕಡಿಯುವುದು, ಹುಡುಕಿ ತಿನ್ನುವುದು, ಗೂಡು ಕಟ್ಟುವುದು ಇದರ ಕೆಲಸ. ಇದು ರಾತ್ರಿಯೆಲ್ಲ ಮನೆ ಕಟ್ಟುತ್ತದೆ, ನೀವು ಬೆಳಿಗ್ಗೆ ಎದ್ದು ಕೆಡವುತ್ತೀರಿ.

ಮರಳಿ ಬರುವಾಗ ಗೌತಮಿ ಹಿಂದಿನ ಸೀಟಿನಲ್ಲಿ ಬುಟ್ಟಿಯನ್ನು ಮಡಿಲಲ್ಲಿ ಹಿಡಿದು ಕುಳಿತಿದ್ದಳು. ಮನೆಗೆ ಬಂದು ನನ್ನ ಚೀಲದಿಂದ ಒಂದು ಹಾಳೆ ತೆಗೆದೆ. ಹೊಸದಾಗಿ ಸೇರಿದವರಿಗೆ ನಾನು ಪ್ರತಿವರ್ಷ ಪಾಠ ಮಾಡುವ ಪಟ್ಟಿ ಅದು. ಗೋದಾಮಿನಲ್ಲಿ ಚಿಂದಿ ಇರಬಾರದು, ಹಗ್ಗ ನೇತಾಡಬಾರದು, ಮಣ್ಣಿನ ಗುಡ್ಡೆ ಇರಬಾರದು, ಖಾಲಿ ಪೆಟ್ಟಿಗೆ ಬಿಡಬಾರದು, ಕಾಳು ಚೆಲ್ಲಬಾರದು. ಗೌತಮಿ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. ಮೂಗು ಒರೆಸಿಕೊಂಡು, "ಅಪ್ಪಾ, ಇದನ್ನೆಲ್ಲಾ ಉಲ್ಟಾ ಮಾಡಿದ್ರ?" ಎಂದಳು.

ಭಾನುವಾರ ಎಲ್ಲವನ್ನೂ ಒಟ್ಟಿಗೇ ಉಲ್ಟಾ ಮಾಡಿದೆ. ಹಗ್ಗ ಕಟ್ಟಿದೆ, ಏಣಿ ಮಾಡಿದೆ, ಬೇವಿನ ಕೊಂಬೆ ಸಿಕ್ಕಿಸಿದೆ, ಮಣ್ಣಿನ ಕುಡಿಕೆ, ರಟ್ಟಿನ ಪೆಟ್ಟಿಗೆ, ಎಲ್ಲ. ಪಂಜರ ಜಾತ್ರೆಯಂತಾಯಿತು. ಅಕ್ಕತಂಗಿಯರು ಅದನ್ನು ಕಂಡವರೇ ಹೆದರಿ ಒಂದು ಮೂಲೆಗೆ ಒತ್ತಿಕೊಂಡು ಕುಳಿತರು. ಸೋಮವಾರ ಸಂಜೆಯವರೆಗೆ ಕದಲಲಿಲ್ಲ. ಹೊಸ ವಸ್ತು ಕಂಡರೆ ಇಲಿ ದಿನಗಟ್ಟಲೆ ಹತ್ತಿರ ಸುಳಿಯುವುದಿಲ್ಲ ಎಂದು ಇಪ್ಪತ್ತೆರಡು ವರ್ಷ ಊರಿಗೆಲ್ಲ ಹೇಳಿದ ಪಂಡಿತ ನಾನೇ! ಬೋನನ್ನು ಮೊದಲು ಕೆಲವು ದಿನ ಸುಮ್ಮನೆ ಬಾಯಿ ತೆರೆದು ಇಡಬೇಕು ಎಂದು ಕಲಿಸುವವನೂ ನಾನೇ. ಎಲ್ಲ ತೆಗೆದೆ. ಎರಡು ದಿನಕ್ಕೊಂದು ವಸ್ತುವಿನಂತೆ, ಅಂಚಿಗೆ ಹೊಂದಿಸಿ ಇಡುತ್ತ ಬಂದೆ. ಮೊದಲು ಪೆಟ್ಟಿಗೆ, ಆಮೇಲೆ ಹಗ್ಗ. ನರ್ಸರಿಯಿಂದ ತೆಂಗಿನ ನಾರಿನ ಪುಡಿ ತಂದು ಟಬ್ಬಿಗೆ ತುಂಬಿ, ಒಳಗೆ ಜೋಳ, ಗೋಧಿ ಹೂತಿಟ್ಟೆ. ಧಾನ್ಯವನ್ನು ಇಲಿಗೆ ಸಿಗಲಿ ಎಂದು ಇಡುವಾಗ ಅಭ್ಯಾಸಬಲದಿಂದ ಎರಡು ಸಲ ಮತ್ತೆ ಹೆಕ್ಕಿಕೊಂಡೆ. ಗೌತಮಿ ಪಕ್ಕದಲ್ಲಿ ಕುಳಿತು, "ಇಷ್ಟ ಮ್ಯಾಲೆ ಬ್ಯಾಡ ಅಪ್ಪಾ, ಇನ್ನೂ ಆಳಕ್ಕ ಇಡ್ರಿ, ಹುಡುಕ್ಲಿ" ಎನ್ನುತ್ತಿದ್ದಳು.

ಒಂದು ದಿನ ನಾನು ನೈಲಾನ್ ಚೀಲ ಕತ್ತರಿಸಿ ತೂಗುಮಂಚ ಮಾಡಲು ಹೊರಟಿದ್ದೆ. ಶೈಲಾ ಅಡುಗೆಮನೆಯಿಂದಲೇ ಕೂಗಿದಳು: "ಅದರಾಗ ಅವುಗೋಳ ಉಗುರು ಸಿಕ್ಕೊಂಡಾವು! ಇಷ್ಟೂ ತಿಳಿಯೂದಿಲ್ಲೇನ್ರಿ?" ಸ್ವಲ್ಪ ಹೊತ್ತಿಗೆ ತನ್ನ ಹಳೆಯ ಮೆತ್ತನೆಯ ಹತ್ತಿ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಅಂಚು ಹೊಲಿದು, ಮೂಲೆಗೊಂದು ಕುಣಿಕೆ ಹಾಕಿ ತಂದು ನನ್ನ ಕೈಗಿತ್ತಳು. "ಅಳತಿ ಸರಿ ಐತಿ. ಆ ಬಿಳೀದಕ್ಕ ಥಂಡಿ ಆಗ್ತಿರಬೇಕು, ಕೂದಲಾ ಇಲ್ಲ ಪಾಪ" ಎಂದು ಹೇಳಿ, ಹೊಸ್ತಿಲಿನ ಷರತ್ತನ್ನು ಮತ್ತೊಮ್ಮೆ ನೆನಪಿಸಿ ಒಳಗೆ ಹೋದಳು. ಪಂಜರದ ಅಳತೆಯನ್ನು ಅವಳು ಯಾವಾಗ ತೆಗೆದುಕೊಂಡಳೋ ನನಗೆ ಗೊತ್ತಿಲ್ಲ.

ಎರಡು ವಾರದ ನಂತರ ಒಂದು ಮುಸ್ಸಂಜೆ ಗೌತಮಿ ಕೂಗಿದಳು: "ಅಪ್ಪಾ, ಬಘಾ ನಾ! ಘರ್ ಬಾಂಧತೇಯ್ ತೀ!" ನೋಡಿ, ಅವಳು ಮನೆ ಕಟ್ಟುತ್ತಿದ್ದಾಳೆ ಎಂದು. ಸಂತೋಷ ಹೆಚ್ಚಾದರೆ ಅವಳಿಗೆ ಮರಾಠಿ ಬರುತ್ತದೆ. ಹೋಗಿ ನೋಡಿದೆ. ಬರ್ಫಿ ವೃತ್ತಪತ್ರಿಕೆಯನ್ನು ಉದ್ದುದ್ದ ಸೀಳಿ, ಒಂದೊಂದೇ ಪಟ್ಟಿಯನ್ನು ಬಾಯಲ್ಲಿ ಕಚ್ಚಿ ಪೆಟ್ಟಿಗೆಯೊಳಗೆ ಒಯ್ಯುತ್ತಿದ್ದಳು. ಒಂದು ಪಟ್ಟಿ ಬಾಗಿಲಿಗೆ ಅಡ್ಡವಾಗಿ ಸಿಕ್ಕಿಕೊಂಡಿತು. ಅವಳು ನಿಂತಳು, ಯೋಚಿಸಿದಳು, ತುದಿ ಹಿಡಿದು ಎಳೆದಳು. ತರ್ರಿ ಟಬ್ಬಿನಲ್ಲಿ ಬಾಲ ಮಾತ್ರ ಕಾಣುವಷ್ಟು ಆಳಕ್ಕೆ ಇಳಿದಿದ್ದಳು. ನಾವಿಬ್ಬರೂ ನೆಲದ ಮೇಲೆ ಕುಳಿತೆವು. ಇಲಿಯಿಂದ ಶುರುವಾದ ಮಾತು ಕೋಚಿಂಗ್ ಕ್ಲಾಸಿಗೆ ಹೋಯಿತು. ಅಲ್ಲಿ ಅವಳಿಗೆ ಭೌತಶಾಸ್ತ್ರ ಅರ್ಥವಾಗುತ್ತಿಲ್ಲವಂತೆ, ಹೇಳಲು ಹೆದರಿಕೆಯಾಗಿತ್ತಂತೆ. "ನಂಗೂ ಆಗ್ತಿದ್ದಿಲ್ಲವಾ" ಎಂದೆ. ಅವಳು ನಕ್ಕಳು. ಶೈಲಾ ಒಳಗಿನಿಂದ ಮೂರು ಸಲ ಊಟಕ್ಕೆ ಕರೆದಳು. ನಾಲ್ಕನೆಯ ಸಲ ತಾನೇ ಬಂದು ಬಾಗಿಲಲ್ಲಿ ನಿಂತು ನೋಡತೊಡಗಿದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಬರ್ಫಿಯ ಮುಂಗಾಲಿನಲ್ಲಿ ಹೊಸ ಬಿಳಿ ಕೂದಲು ಮೊಳೆಯಿತು. ಕಂಬಿಯ ಕರಕರ ನಿಂತಿತು.

ಅದೇ ವಾರ ಗೋದಾಮಿನಲ್ಲಿ ಹೊಸಬರಿಗೆ ನನ್ನ ವಾರ್ಷಿಕ ಪಾಠವಿತ್ತು. ಇಲಿ ಏಕೆ ಗೂಡು ಕಟ್ಟುತ್ತದೆ ಎಂದು ಶುರುಮಾಡಿದವನು ಮುಕ್ಕಾಲು ಗಂಟೆ ನಿಲ್ಲಿಸಲೇ ಇಲ್ಲ. ಖಾಪರಖೇಡಾದ ಕಡೆಯಿಂದ ಬಂದಿದ್ದ ಒಬ್ಬಾಕೆ ಎದ್ದು ನಿಂತು ಹಿಂದಿಯಲ್ಲಿ ಕೇಳಿದಳು: "ಸರ್, ನಿಮಗೆ ಇಲಿ ಅಂದರೆ ಇಷ್ಟವೇ?" "ಛೆ ಛೆ, ಇಲಿ ನಮ್ಮ ಶತ್ರು" ಎಂದು ಗಂಭೀರವಾಗಿ ಹೇಳಿ, ಬರೆದು ತೋರಿಸಲೆಂದು ಪೆನ್ನಿಗಾಗಿ ಜೇಬಿಗೆ ಕೈ ಹಾಕಿದೆ. ಹಿಂದಿನ ಸಂಜೆ ಅದೇ ಅಂಗಿಯ ಜೇಬಿನಲ್ಲಿ ಬರ್ಫಿ ಅರ್ಧ ಗಂಟೆ ಬೆಚ್ಚಗೆ ಕುಳಿತಿದ್ದಳು. ನನ್ನ ಬೆರಳು ಜೇಬಿನ ತಳದ ದುಂಡನೆಯ ತೂತಿನಿಂದ ಹೊರಗೆ ಬಂತು; ಪೆನ್ನು ಉರುಳಿ ಮುಂದಿನ ಸಾಲಿನವರ ಕಾಲ ಬಳಿ ಬಿತ್ತು. ನಾನು ಆ ಬೆರಳನ್ನೇ ಎತ್ತಿ ಎಲ್ಲರಿಗೂ ತೋರಿಸಿ, "ನೋಡಿ, ಇಲಿ ಕಡಿದ ತೂತಿನ ಅಂಚು ಹೀಗಿರುತ್ತದೆ. ಮಾದರಿಗೆಂದೇ ತಂದಿದ್ದೇನೆ" ಎಂದೆ. ಎಲ್ಲರೂ ಬರೆದುಕೊಂಡರು.