ಸಾಲಿನಲ್ಲಿ ಇಟ್ಟು ಹೋದ ಚಪ್ಪಲಿ

ತಾಂಡೂರಿನಲ್ಲಿ ನನ್ನ ತಂಗಿಯ ಗಂಡನನ್ನು ಹುಡುಕುವವರು ಅವನ ಮುಖ ಹುಡುಕಬಾರದು, ಚಪ್ಪಲಿ ಹುಡುಕಬೇಕು! ಎಡಗಾಲಿನದು ಗ್ಯಾಸಿನ ಅಂಗಡಿಯ ಸಾಲಿನಲ್ಲಿ, ಬಲಗಾಲಿನದು ಕರೆಂಟು ಬಿಲ್ಲಿನ ಸಾಲಿನಲ್ಲಿ. ಮನುಷ್ಯ ಮಾತ್ರ ಬರಿಗಾಲಲ್ಲಿ ಮೂರನೆಯ ಕಡೆ! ಕಿತ್ತ ಪಟ್ಟಿಗಳನ್ನು ಕಂಪ್ಯೂಟರಿನ ನೀಲಿ ವೈರಿನಿಂದ ಕಟ್ಟಿದ್ದರಿಂದ ಅವು ಯಾರವೆಂದು ಊರಿಗೆಲ್ಲ ಗೊತ್ತಿತ್ತು.

ಚಪ್ಪಲಿಯನ್ನು ಸಾಲಿನಲ್ಲಿ ಬಿಟ್ಟು ನೆರಳಿಗೆ ಹೋಗುವುದು ನಮ್ಮ ಕಡೆ ಹಳೆಯ ರೂಢಿ. ಸಾಲು ಮುಂದೆ ಹೋದಾಗ ಹಿಂದಿನವರು ಕಾಲಿನಿಂದಲೇ ಅದನ್ನೂ ಮುಂದೆ ಸರಿಸುತ್ತಾರೆ. ಎಲ್ಲರಿಗೂ ಅದು ಅನುಕೂಲ. ಇವನಿಗೆ ಅದೊಂದು ವೇದಾಂತ.

ತೆಲಂಗಾಣ ಚಳವಳಿಯ ದಿನಗಳವು. ಇವತ್ತು ಬಂದ್ ಎಂದರೆ ನಾಳೆ ರೈಲು ತಡೆ. ತಾಂಡೂರಿನ ಹಾಸುಗಲ್ಲಿನ ಅಂಗಡಿಯೊಂದರ ಮೇಲೆ ಕೋಣೆ ಹಿಡಿದು ಅವನು ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತಿದ್ದ. ಬಂದ್ ಆದರೆ ಹುಡುಗರು ಬರುವುದಿಲ್ಲ. ಆಗ ಪಾಠ ಯಾರಿಗೆ? ಬಶೀರಾಬಾದಿನ ಅವನ ಮನೆಗೆ ತಂಗಿಯನ್ನು ನೋಡಲು ಹೋದ ನನಗೆ! ಹೈಸ್ಕೂಲು ಮುಗಿಸಿ, ಜಹೀರಾಬಾದಿನ ಬೇಳೆ ಮಂಡಿಯಲ್ಲಿ ತಕ್ಕಡಿ ನೋಡಿಕೊಂಡೇ ಮುದುಕನಾದವನಿಗೆ!

ತಂಗಿ ಗೋಡೆಗೆ ಒರಗಿ, ಬಾತುಕೊಂಡ ಕಾಲು ಚಾಚಿ ಕೂತಿರುತ್ತಿದ್ದಳು. ಅವಳ ಮೂತ್ರಪಿಂಡ ಕೆಟ್ಟಿತ್ತು. ನಾಲ್ಕು ಹೆಜ್ಜೆ ನಡೆಯಬಲ್ಲಳು, ಹೆಚ್ಚು ಹೊತ್ತು ನಿಲ್ಲಲಾರಳು.

"ಭಾವಾ, ‘ನೋಡ್ ಜೆಎಸ್’ ಅಂತ ಕಂಪ್ಯೂಟರಿನ್ಯಾಗ ಹೊಸದೊಂದು ಬಂದದ ಕೇಳ್ರಿ," ಎಂದು ಅವನು ಶುರು ಮಾಡಿದ. "ಸರ್ವರ್ ಅಂದ್ರ ಎಲ್ರೂ ಕೇಳಿದ್ದು ಕೊಡೋ ಕಂಪ್ಯೂಟರ್. ಅದನ್ನ ನಡಸಾಕ ಇದು. ಹೊರದೇಶದ ಒಬ್ಬ ಹುಡುಗ ಮಾಡ್ಯಾನ, ಗಣಿತದ ದೊಡ್ಡ ಓದು ಅರ್ಧಕ್ಕ ಬಿಟ್ಟವ. ಒಂದಿನ ಇಂಟರ್ನೆಟ್ಟಿನ್ಯಾಗ ಫೋಟೋ ಹೋಗೂದು ನೋಡಕೋತ ಕುಂತಿದ್ನಂತ. ಎಷ್ಟು ಹೋತು, ಎಷ್ಟು ಉಳೀತು, ಪರದೆಗಿ ಗೊತ್ತೇ ಇಲ್ಲ! ಘಳಿಗಿ ಘಳಿಗಿ ಸರ್ವರಿಗೆ ಕೇಳಬೇಕು."

"ನಮ್ಮ ಬಸ್ಸಿನಂಗ," ಎಂದಳು ತಂಗಿ. "ಎಲ್ಲಿಗಿ ಬಂತು ಅಂತ ಕಂಡಕ್ಟರಿಗೂ ಗೊತ್ತಿರಂಗಿಲ್ಲ."

"ಅದಕ್ಕೇ ಆ ಹುಡುಗಗ ತಲಿ ಕೆಟ್ತು. ಹಳೇ ಸರ್ವರಿನ್ಯಾಗ ಗಿರಾಕಿಗೊಬ್ಬ ಆಳು. ಸಾಮಾನು ಬರೂತನಾ ಸುಮ್ನ ನಿಂತಿರ್ತಾನ. ಇದರಾಗ ಒಬ್ಬನೇ ಆಳು! ಸಾಮಾನು ತರಾಕ ಹೇಳ್ತಾನ, ಚಪ್ಪಲ್ ಇಡ್ತಾನ, ಮುಂದಿನ ಗಿರಾಕಿ ಕಡಿ ಹೋಗ್ತಾನ. ಬಂತು ಅಂತ ಕೂಗಿದ್ರ ತಿರುಗಿ ಬರ್ತಾನ. ಖಾಲಿ ನಿಲ್ಲೂದೇ ಇಲ್ಲ!"

ಇನ್ನೊಂದು ಲಾಭವೂ ಇತ್ತಂತೆ. ಮೊದಲು ಪರದೆಯ ಮೇಲಿನ ಕೆಲಸಕ್ಕೆ ಒಂದು ಭಾಷೆ, ಹಿಂದಿನ ಸರ್ವರಿಗೆ ಇನ್ನೊಂದು. ಈಗ ಎರಡಕ್ಕೂ ಒಂದೇ. ನಮ್ಮ ಮಂಡಿಯಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಕನ್ನಡ, ಹಮಾಲರ ಹತ್ತಿರ ತೆಲುಗು, ಗೋದಾಮಿನಲ್ಲಿ ಉರ್ದು ಆಡದೆ ಒಂದು ಮೂಟೆ ತೊಗರಿ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ!

"ಕೇಳಿದ್ಯಾ ಅಣ್ಣಾ?" ತಂಗಿ ನಕ್ಕಳು. "ಊರೆಲ್ಲಾ ಬ್ಯಾರೆ ಮಾಡಾಕ ಹೊಂಟದ, ಇವ್ರು ಒಂದು ಮಾಡಾಕ ಹೊಂಟಾರ!"

"ಇದರಾಗ ಐಬು ಏನೂ ಇಲ್ಲೇನಪಾ?" ಎಂದು ನಾನು ಕೆಣಕಿದೆ.

"ಅದ ರಿ. ಭಾರೀ ಲೆಕ್ಕ ಒಂದು ಕೈಗಿ ಬಂತಂದ್ರ ಆ ಒಬ್ಬ ಆಳು ಅದರಾಗೇ ಸಿಗಬೀಳ್ತಾನ. ಉಳದದ್ದೆಲ್ಲಾ ನಿಂತಬಿಡ್ತದ."

ನಾರಾಯಣಖೇಡದ ಮದುವೆಯೊಂದರಲ್ಲಿ ಅವನು ಊಟದ ಪಂಕ್ತಿಯಲ್ಲಿ ಎಲೆಯ ಮುಂದೆ ಟವೆಲ್ ಇಟ್ಟು, ಬಡಿಸುವವರ ಜೊತೆ ಕೈಜೋಡಿಸಲು ಹೋದ. ತಿರುಗಿ ಬರುವುದರೊಳಗೆ ಯಾರೋ ಅವನ ಎಲೆಯಲ್ಲಿ ಉಂಡು, ಅವನ ಟವೆಲಿಗೇ ಕೈ ಒರೆಸಿ ಎದ್ದಿದ್ದರು! ಬೀಗರೆಲ್ಲ ನಕ್ಕರು. "ನಿಮ್ಮ ಭಾವಮೈದಗ ಕಾಲು ನೆಲಕ್ಕ ಹತ್ತಂಗಿಲ್ಲೇನ್ರಿ?" ಎಂದು ಒಬ್ಬರು ನನ್ನನ್ನೇ ಕೇಳಿದರು. ಇವನಿಗೆ ನಿಲ್ಲುವುದನ್ನು ಕಲಿಸಬೇಕು ಎಂದು ಅವತ್ತೇ ನನ್ನ ತಲೆಗೆ ಹೊಕ್ಕಿತು.

ಕಲಿಸಿದೆ.

ತಾಂಡೂರಿನ ಒಂದು ದವಾಖಾನೆಗೆ ಹೈದರಾಬಾದಿನಿಂದ ದೊಡ್ಡ ಡಾಕ್ಟರು ಅಪರೂಪಕ್ಕೆ ಬರುತ್ತಿದ್ದರು. ನನ್ನ ಸಕ್ಕರೆ ಕಾಯಿಲೆ ತೋರಿಸಲು ಸಾಲಿನಲ್ಲಿ ನಿಂತಿದ್ದೆ. ತಿರುಗಿ ನೋಡಿದರೆ ನನ್ನ ಹಿಂದೆಯೇ ನೀಲಿ ವೈರಿನ ಚಪ್ಪಲಿಗಳು, ಅವನು ಯಾವಾಗ ಇಟ್ಟು ಹೋದನೋ! ಅವತ್ತು ಎರಡೂ ಒಂದೇ ಸಾಲಿನಲ್ಲಿದ್ದವು. ಅದೇಕೆಂದು ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಅವನ್ನು ಕಾಲಿನಿಂದ ನೂಕುತ್ತ ನೂಕುತ್ತ ನೀರಿನ ಡ್ರಮ್ಮಿನ ಹಿಂದೆ ಸರಿಸಿದೆ. ಹತ್ತಿರದವರು ಕಿಸಕ್ಕನೆ ನಕ್ಕರು. ಸಾಲು ಮುಚ್ಚಿಕೊಂಡಿತು.

ನಾನು ತೋರಿಸಿಕೊಂಡು ಹೊರಬರುವಾಗ ಅವನ ಸ್ಕೂಟರು ಬಂದು ನಿಂತಿತು. ಹಿಂದೆ ತಂಗಿ. ಅವಳು ನಿಲ್ಲಬಾರದೆಂದು ಅವನು ಚಪ್ಪಲಿಗಳನ್ನು ನಿಲ್ಲಿಸಿ, ಬರಿಗಾಲಲ್ಲಿ ಬಶೀರಾಬಾದಿಗೆ ಹೋಗಿ ಅವಳನ್ನು ಕರೆತಂದಿದ್ದ.

"ಇಲ್ಲೇ ಇಟ್ಟಿದ್ನಲ್ರಿ!" ಅವನು ಸಾಲಿನುದ್ದಕ್ಕೂ ಬಾಗಿ ಹುಡುಕುತ್ತಿದ್ದ.

"ಚಪ್ಪಲ್ ಇಲ್ದವಗ ನಂಬರ್ ಎಲ್ಲಿದಪಾ? ಹಿಂದ ಹೋಗು!" ಎಂದ ಸಾಲಿನಲ್ಲಿದ್ದವನೊಬ್ಬ.

ನಾನು ಡ್ರಮ್ಮಿನ ಹಿಂದಿನಿಂದ ಚಪ್ಪಲಿ ತಂದು ಅವನ ಕಾಲ ಹತ್ತಿರ ಇಟ್ಟೆ. ಇವನ ಸರದಿ ಇಲ್ಲೇ ಇತ್ತು, ತೆಗೆದವನು ನಾನು ಎಂದು ಆ ಜನಕ್ಕೆ ಹೇಳಲು ಬಾಯಿ ಬರಲಿಲ್ಲ. ಅವನು ಹಿಂದೆ ಹೋಗಿ ನಿಂತ. ಅವನ ಸರದಿ ಬರುವ ಮೊದಲೇ, ನಾಳೆ ರೈಲು ತಡೆಯುತ್ತಾರೆಂದು ಡಾಕ್ಟರು ಎದ್ದು ಹೋದರು. ಆಮೇಲೆ ಬಂದ್ ಮೇಲೆ ಬಂದ್. ಡಾಕ್ಟರು ಬಹಳ ದಿನ ಬರಲೇ ಇಲ್ಲ.

ಅವನು ಕಲಿಸುವುದು ಬಿಟ್ಟ, ಕೋಣೆಗೆ ಬೀಗ ಬಿತ್ತು. ಎಲ್ಲೂ ನಿಲ್ಲದವನು ಅವಳ ಮಂಚದ ಹತ್ತಿರ ಕೂತವನು ಏಳಲಿಲ್ಲ. ಭಾರೀ ಲೆಕ್ಕ ಕೈಗೆ ಬಂದಿತ್ತು.

"ಅವತ್ತೊಂದಿನ ಸಾಲಿನ್ಯಾಗ ನಿಂತಿದ್ರ ಏನಾಗ್ತಿತ್ರಿ ನಿಮಗ?" ಎಂದು ತಂಗಿ ನನ್ನೆದುರಿಗೇ ಅವನನ್ನು ಕೇಳಿದಳು.

"ತಪ್ಪಾತು," ಎಂದ ಅವನು. ನಾನು ನೆಲ ನೋಡಿದೆ.

ಮಳೆಗಾಲಕ್ಕೆ ಮೊದಲೇ ತಂಗಿ ಹೋದಳು. ಆ ಸರದಿ ಸಿಕ್ಕಿದ್ದರೆ ಉಳಿಯುತ್ತಿದ್ದಳೋ ಏನೋ. ಯಾವ ಡಾಕ್ಟರೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ದಿನಗಳು ಕಳೆದ ಮೇಲೆ, ಬೀಗ ಹಾಕಿದ ಆ ಕೋಣೆಯ ಮೆಟ್ಟಿಲ ಮೇಲೆ ಅವನ ಪಕ್ಕ ಕೂತು ಹೇಳಿದೆ: "ಚಪ್ಪಲ್ ತೆಗೆದಾವ ನಾನೇ ಅಪಾ."

"ಗೊತ್ತದ ಭಾವಾ. ಡ್ರಮ್ಮಿನ ಹಿಂದ ಅದಾವ ಅಂತ ನನಗೇ ಗೊತ್ತಿರ್ಲಿಲ್ಲ. ನೀವು ಸೀದಾ ಅಲ್ಲೇ ಹೋದ್ರಿ."

"ಮತ್ತ ಆಕಿಗಿ ಯಾಕ ಹೇಳ್ಲಿಲ್ಲ? ಬೈಸ್ಕೊಂತ ಯಾಕ ಕುಂತಿ?"

ಅವನು ಚಪ್ಪಲಿಯ ನೀಲಿ ವೈರನ್ನು ಬಿಗಿಮಾಡುತ್ತ ಹೇಳಿದ: "ಆಕಿಗಿ ತವರುಮನಿ ಅಂತ ಉಳದಿದ್ದು ನೀವೊಬ್ರೇ ರಿ. ಅದನ್ನ ಹ್ಯಾಂಗ ಕಸ್ಕೊಳ್ಳಲಿ?"

ಈಗ ವೃದ್ಧಾಪ್ಯ ಪಿಂಚಣಿಯ ಸಾಲಿನಲ್ಲಿ ನಿಲ್ಲುತ್ತೇನೆ. ನನ್ನ ಮುಂದೆ ಯಾರದಾದರೂ ಚಪ್ಪಲಿ ಇದ್ದರೆ, ಸಾಲು ಸರಿದಾಗಲೆಲ್ಲ ಬಾಗಿ ಮುಂದಕ್ಕೆ ಇಡುತ್ತೇನೆ. ಕಾಲಿನಿಂದಲ್ಲ, ಕೈಯಿಂದ.